ಬಾಯಮ್ಮನಿಲ್ಲದ ತೆನೆ ಹಬ್ಬ

ಸೆಪ್ಟೆಂಬರ್ 8, ಬೆಳಗಿನ ಐದೂವರೆ. ಉಡುಪಿ ಜಿಲ್ಲೆಯ ಶಂಕರಪುರದ ಕಡೆಯ ಆ ಮನೆಯಂಗಳದಲ್ಲಿ ಸೊಸೆ ಟಾರ್ಚ್ ಹಿಡಿದು ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದರು. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಮನೆಯವರಿಗೆ ಮೊಂತಿ ಫೆಸ್ತ್, ಊರವರಿಗೆ ತೆನೆ ಹಬ್ಬ. ಹಬ್ಬವೆಂದು ಮೊಗ್ಗು ಕಾಯುತ್ತದೆಯೇ? ಇವತ್ತು ಗಿಡದಲ್ಲಿ ಬಿಟ್ಟರೆ ಸಂಜೆಗೆ ಅರಳುತ್ತದೆ, ಅರಳಿದ್ದನ್ನು ಹೂ ಮಾರುವ ಕಟ್ಟೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಏಪ್ರಿಲಿನಲ್ಲಿ ಅತ್ತೆ ಬಾಯಮ್ಮ ತೀರಿಕೊಂಡ ದಿನವೂ ಕೊಯ್ದಿದ್ದರು. ಮಲ್ಲಿಗೆ ಮೈತುಂಬಾ ಬಿಡುವ ಕಾಲ ಅದು.

ಇಲ್ಲಿನ ತುಳು ನೆರೆಕರೆಯವರು ಕ್ರಿಶ್ಚಿಯನ್ ಮನೆಯ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಮೊಮ್ಮಕ್ಕಳಿಗೆ ಅವರು ವ್ಹಡ್ಲಿಮಾಂಯ್. ಎಂಬತ್ತೆಂಟು ವರ್ಷ ಬದುಕಿದ್ದರು. ಗಂಡ ಮುಂಬಯಿಯ ಹೋಟೆಲಿನಲ್ಲಿ ದುಡಿದು ವರ್ಷಕ್ಕೊಮ್ಮೆ ಬರುತ್ತಿದ್ದವರು. ಇಲ್ಲಿ ಚಾಲಗೇಣಿಗೆ, ಅಂದರೆ ಒಕ್ಕಲಾಗಿ, ಮಾಡುತ್ತಿದ್ದ ಗದ್ದೆ, ಐದು ಮಕ್ಕಳು. 1974ರ ಭೂಸುಧಾರಣೆ ಬಂದಾಗ ಗದ್ದೆಯ ಹಕ್ಕಿಗಾಗಿ ಡಿಕ್ಲರೇಶನ್ ಕೊಡಲು ತಾಲೂಕು ಕಚೇರಿಗೆ ಅಲೆದದ್ದು ಬಾಯಮ್ಮನೇ. ಗದ್ದೆ ಕೈಸೇರಿತು. ಆದರೆ ಅದನ್ನು ಮಾಡುವ ಕೈಗಳು ಒಂದೊಂದಾಗಿ ಮುಂಬಯಿಗೂ ಆಮೇಲೆ ಗಲ್ಫಿಗೂ ಹೋದವು. ಕೊನೆಗೆ ಉಳಿದದ್ದು ಮನೆಯ ಹಿಂದಿನ ಮಲ್ಲಿಗೆ. ಮಕ್ಕಳ ಶಾಲೆ ಫೀಸಿಗೆ ಗದ್ದೆಗಿಂತ ಅದರ ದುಡ್ಡೇ ಹೆಚ್ಚು ಒದಗಿತು ಅನ್ನುವುದನ್ನು ದೊಡ್ಡ ಮಗನೇ ಒಪ್ಪುತ್ತಾರೆ.

ಮಲ್ಲಿಗೆಯ ಲೆಕ್ಕ ಹೊರಗಿನವರಿಗೆ ವಿಚಿತ್ರ. 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ಬಾಳೆನಾರನ್ನು ನೀರಲ್ಲಿ ನೆನೆಸಿ ಸೀಳಿ, ಅದರಲ್ಲಿ ಮೊಗ್ಗು ಕಟ್ಟಬೇಕು. ನಾರು ಒಣಗಿದ್ದರೆ ತೊಟ್ಟು ಕತ್ತರಿಸಿಹೋಗುತ್ತದೆ, ಸಡಿಲವಾದರೆ ಪೇಟೆ ಮುಟ್ಟುವ ಮೊದಲೇ ಮೊಗ್ಗು ಜಾರುತ್ತದೆ. ದರ ದಿನವೂ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಬಾಯಮ್ಮ ಮೊಗ್ಗನ್ನು ಎಣಿಸುತ್ತಿದ್ದದ್ದು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಾ. ಜಪಸರದ ಐವತ್ತು ನಮೋ ಮರಿಯ ಮುಗಿಯುವಷ್ಟರಲ್ಲಿ ಎಷ್ಟು ಮೊಗ್ಗು ಕಟ್ಟಿಯಾಗಬೇಕು ಎಂಬ ಅಂದಾಜು ಅವರಿಗಿತ್ತು. ಭಕ್ತಿಯೋ ಕೆಲಸವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಮಳೆಗಾಲದಲ್ಲಿ ಗಿಡ ಮೊಗ್ಗು ಬಿಡುವುದೇ ಕಡಿಮೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅತ್ತ ಅಷ್ಟಮಿ, ಚೌತಿಗೆ ದರ ಏರಿರುತ್ತದೆ. ಅಂಥ ಹೊತ್ತಲ್ಲೇ ಆಗಸ್ಟ್ 30ರಿಂದ ನೊವೆನಾ ಪ್ರಾರ್ಥನೆ ಶುರು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಮ್ಮನಿಗೆ ಎರಚಬೇಕು. ದಾಸವಾಳ, ಗೊರಟೆ, ಬೇಲಿಯ ಕಾಡುಹೂ ಯಾವುದಾದರೂ ಆಗುತ್ತದೆ. ಬಾಯಮ್ಮ ಮಾತ್ರ ಮೊಮ್ಮಕ್ಕಳ ಬುಟ್ಟಿಗೆ ದಿನವೂ ಒಂದು ಹಿಡಿ ಮಲ್ಲಿಗೆ ಹಾಕುತ್ತಿದ್ದರು, ಮಾರುವ ಲೆಕ್ಕದಿಂದ ತೆಗೆದು. ಈ ವರ್ಷ ಸೊಸೆ ಹಾಕಲಿಲ್ಲ. ಗಿಡದಲ್ಲಿ ಒಂದು ಚೆಂಡಿಗೂ ಮೊಗ್ಗು ಸಾಲುತ್ತಿರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ.

ಚರ್ಚಿನ ಬಲಿಪೂಜೆ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ಬೆಳೆದವರು ಅವರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕೊಂಕಣಿಗೆ ಬಂದರೂ ಅವರ ನಾಲಗೆಯಲ್ಲಿ ಒಂದೆರಡು ಲ್ಯಾಟಿನ್ ಉತ್ತರಗಳು ಕೊನೆಯವರೆಗೂ ಉಳಿದಿದ್ದವು. ಐದನೇ ಕ್ಲಾಸಿನ ಕನ್ನಡ ಅಕ್ಷರದಲ್ಲೇ ಕೊಂಕಣಿಯ ‘ರಾಕ್ಣೊ’ ವಾರಪತ್ರಿಕೆಯನ್ನು ಬೆರಳಿಟ್ಟು ಓದುತ್ತಿದ್ದರು.

ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಾದ್ರಿಗಳು ತೆನೆಗಳನ್ನು ಆಶೀರ್ವದಿಸಿ, ಮೆರವಣಿಗೆ ಮುಗಿದು, ಪೂಜೆಯಾಗಿ, ಮಕ್ಕಳಿಗೆ ಕಬ್ಬು ಹಂಚಿದರು. ಮನೆಗೊಂದು ಕಟ್ಟು ತೆನೆ. ಸಮಸ್ಯೆ ಇರುವುದು ಇಲ್ಲೇ. ಮಳೆಗಾಲದ ಏಣೇಲು ಬೆಳೆಯ ಕೊಯ್ಲಿಗೆ ಇನ್ನೂ ದಿನಗಳಿವೆ, ಬೇಗ ಬಿತ್ತಿದ ಗದ್ದೆಯ ತೆನೆಯಲ್ಲೂ ಕೆಲವು ಕಾಳು ಹಾಲು ಕಟ್ಟಿದ ಹಂತದಲ್ಲೇ ಇರುತ್ತವೆ. ಸಿಪ್ಪೆ ಸುಲಿಯಲು ಹೋದರೆ ಹಿಟ್ಟಿನಂತೆ ಜಜ್ಜಿಹೋಗುತ್ತದೆ. ಬಾಯಮ್ಮ ತೆನೆಯ ತುದಿಯ ಕಾಳನ್ನೇ ಆರಿಸುತ್ತಿದ್ದರು. ಹಣ್ಣಾಗುವುದು ತುದಿಯಿಂದ ಕೆಳಕ್ಕೆ. ಸಂಶಯವಿದ್ದರೆ ಹಲ್ಲಲ್ಲಿ ಕಚ್ಚಿ ನೋಡಿ, ಮೆತ್ತಗಿದ್ದದ್ದನ್ನು ಬಿಸಿ ಕಾವಲಿಯ ಮೇಲೆ ಸ್ವಲ್ಪ ಹೊತ್ತು ಹರಡುತ್ತಿದ್ದರು. ತಲೆಗೆ ಏಳು ಕಾಳು, ಮುಂಬಯಿ, ದುಬೈಯಲ್ಲಿದ್ದವರಿಗೂ ಸೇರಿಸಿ. ಅವರ ಪಾಲಿನ ಕಾಳು ಲಕೋಟೆಯಲ್ಲಿ ಅಂಚೆಗೆ.

ಈ ಸಲ ದೊಡ್ಡ ಮಗ ಬುಡದ ಕಾಳಿಗೆ ಕೈಹಾಕಿದರು. ಅರ್ಧ ಜಜ್ಜಿಹೋಯಿತು. ಉಳಿದದ್ದನ್ನು ಕುಟ್ಟಿ ತೆಂಗಿನ ಹಾಲಿಗೆ ಬೆರೆಸಿ, ಅಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಹೇಳಿ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಬೆಸಾಂವ್, ಅಂದರೆ ಆಶೀರ್ವಾದ, ಕೇಳಲು ಮಕ್ಕಳು ಅಭ್ಯಾಸಬಲದಿಂದ ಅಜ್ಜಿಯ ಕುರ್ಚಿಯ ಕಡೆ ತಿರುಗಿದವು. ಆಮೇಲೆ ಅಪ್ಪನ ಎದುರು ಕೈಮುಗಿದವು.

ಬಾಳೆಲೆಗೆ ಸಸ್ಯಾಹಾರವೇ ಬಡಿಸಬೇಕು, ಪಲ್ಯ ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು: ಐದು, ಏಳು, ಒಂಬತ್ತು. ಅಲಸಂಡೆ, ಹರಿವೆ, ಬೆಂಡೆ, ಹೀರೆ, ಹಾಗಲ. ಮುಖ್ಯವಾದದ್ದು ಕೆಸುವಿನ ದಂಟಿನ ಗಸಿ. ಎಡವಟ್ಟಾದದ್ದು ಅದರಲ್ಲೇ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ತುರಿಕೆ ಅದರಿಂದ. ದಂಟಿನ ಸಿಪ್ಪೆ ಎಳೆದು, ಬೆರಳುದ್ದ ಕತ್ತರಿಸಿ, ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಬಾಯಮ್ಮ ಒಂದು ಕಟ್ಟು ದಂಟಿಗೆ ಎಂಟು ಹತ್ತು ಅಂಬಟೆಕಾಯಿ ಜಜ್ಜಿ ಹಾಕುತ್ತಿದ್ದರು. ಸೊಸೆಗೆ ಪೇಟೆಯಲ್ಲಿ ಸಿಕ್ಕಿದ್ದು ಮೂರು. ಕೊರತೆಗೆ ಟೊಮೆಟೊ ಹಾಕಿದರು. ಅದರ ಹುಳಿ ಎಲ್ಲಿ ಸಾಕಾಗುತ್ತದೆ! ಎರಡನೇ ತುತ್ತಿಗೆ ಮೊಮ್ಮಗ ಗಂಟಲು ಕೆರೆದುಕೊಂಡ. ಕಿರಿಯ ಮಗಳು ಪಾತ್ರೆಯನ್ನು ಮತ್ತೆ ಒಲೆಗಿಟ್ಟು ಹುಣಸೆರಸ ಸುರಿದು ಇಪ್ಪತ್ತು ನಿಮಿಷ ಕುದಿಸಿದಳು. ಅಷ್ಟರಲ್ಲಿ ಎಲ್ಲರೂ ಕಡಲೆಬೇಳೆಯ ವೊರ್ನ್ ಪಾಯಸ ಕುಡಿಯುತ್ತಾ, ದಂಟಿಗೆ ಯಾರು ಯಾವಾಗ ಬೈಸಿಕೊಂಡಿದ್ದರು ಎಂದು ನೆನಪು ಮಾಡಿಕೊಂಡು ನಗುತ್ತಿದ್ದರು.

ಮಧ್ಯಾಹ್ನ ಹೂವಿನ ಲೆಕ್ಕದ ಪುಸ್ತಕ ತೆಗೆದರು. ಬಾಯಮ್ಮನ ಕೈಬರಹ ಏಪ್ರಿಲಿನಲ್ಲಿ ‘ಅಟ್ಟೆ 2, ಚೆಂಡು 1’ಕ್ಕೆ ನಿಂತಿದೆ. ಅದರ ಕೆಳಗೆ ಸೊಸೆಯದು. ಬೆಳಿಗ್ಗೆ ಕೊಯ್ದ ಮೊಗ್ಗು ಮುನ್ನೂರು ಚಿಲ್ಲರೆ. ಅದನ್ನು ಬರೆಯಲು ಬಾಯಮ್ಮನ ಲೆಕ್ಕದಲ್ಲಿ ಒಂದು ಚೆಂಡಿಗೆ ಕಡಿಮೆಯಾದದ್ದಕ್ಕೆ ಗುರುತೇ ಇರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತ ಸೊಸೆ ಆ ಸಾಲನ್ನು ಖಾಲಿ ಬಿಟ್ಟು, ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಇಗರ್ಜಿಯ ಹಿಂದಿನ ಸಿಮೆಟ್ರಿಗೆ, ಬಾಯಮ್ಮನ ಸಮಾಧಿಯ ಕಡೆ, ಹೊರಟರು.