ಬೆರಕೆ ಸೊಪ್ಪು

ಚಿಂತಾಮಣಿ
17 ಆಗಸ್ಟ್ 2025, ಭಾನುವಾರ

ಶ್ರಾವಣ ಮುಗಿಯೋಕೆ ಇನ್ನೂ ಒಂದು ವಾರ ಇದೆ. ಮನೇಲಿ ಮಾಂಸ ಇಲ್ಲ. ದಿನಾ ಬೇಳೆ ಸಾರು, ಟೊಮೇಟೊ ಸಾರು ಅಂತ ಇವರದ್ದು ಒಂದೇ ಗೊಣಗಾಟ. ಪುಟ್ಟಿಗೆ ಅದೂ ಬೇಡ, ನೂಡಲ್ಸ್ ಆದರೆ ಸಾಕು. ಅಂಥದ್ದರಲ್ಲಿ ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸಿಗೆ ಚಿಕ್ಕಮ್ಮ ಬಂದಿಳಿದಳು. ಈ ಕಾಲದಲ್ಲಿ ಅವಳು ಬಂದರೆ ಚೀಲದ ತುಂಬ ಬೆರಕೆ ಸೊಪ್ಪು, ಹೊಲದಲ್ಲಿ ತಾನಾಗಿ ಹುಟ್ಟೋ ಹಲವು ಸೊಪ್ಪು, ಇರಲೇಬೇಕು. ಇವತ್ತು ಚೀಲ ಬಿಚ್ಚಿದರೆ ತಳದಲ್ಲಿ ಎರಡು ಹಿಡಿ ಆಗುವಷ್ಟು ಇತ್ತು. ಮಿಕ್ಕಿದ್ದೆಲ್ಲ ನುಗ್ಗೆಸೊಪ್ಪು.

"ಇಷ್ಟು ಸಿಗೋಕೆ ಮೂರು ಹೊಲ ತಿರುಗಿದೆ ಕಣಮ್ಮ" ಅಂದಳು.

"ಯಾಕೆ ಚಿಕ್ಕಮ್ಮ, ಮಳೆ ಆಗಿದೆಯಲ್ಲ?"

"ಮಳೆಗೇನು, ಆಗೈತೆ. ಸೊಪ್ಪು ಎಲ್ಲೈತೆ? ಎಲ್ಲಾ ಕಳೆ ಸಾಯೋ ಔಷಧಿ ಹೊಡೀತಾರೆ. ರಾಗಿ ಹುಟ್ಟೋಕೆ ಮುಂಚೇನೇ ಹೊಡೀತಾರೆ. ಟೊಮೇಟೊ ಸಾಲಿಗೆ ಪ್ಲಾಸ್ಟಿಕ್ ಪೇಪರ್ ಹಾಸ್ತಾರೆ. ಅದರ ಕೆಳಗೆ ಹುಲ್ಲೇ ಹುಟ್ಟಲ್ಲ, ಇನ್ನು ಸೊಪ್ಪು ಹುಟ್ಟುತ್ತಾ?"

ಹಳೇ ನ್ಯೂಸ್‌ಪೇಪರ್ ಹಾಸಿ ಸೊಪ್ಪು ಬಿಡಿಸೋಕೆ ಕೂತೆವು. ನಾನು ಸುಮ್ನೆ ಅವಳ ಕೈ ನೋಡ್ತಾ ಇದ್ದೆ. ಅಣ್ಣೆ ಸೊಪ್ಪಿನ ಕುಡಿ ಒಂದು ಕಡೆ. ಗಣಿಕೆ ಸೊಪ್ಪಿನ ಎಲೆ ಮಾತ್ರ, ಕಡ್ಡಿ ಆಚೆಗೆ. ಬದುವಿನ ತೇವದಲ್ಲಿ ಸಿಕ್ಕಿದ ಹೊನಗೊನ್ನೆ ನಾಲ್ಕು ಎಳೆ. ಗೋಣಿ ಸೊಪ್ಪಿನ ಬೇರಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸಿ ಉಗುರಲ್ಲಿ ಚಿವುಟಿದಳು. ಮಧ್ಯೆ ಒಂದು ಕಡ್ಡಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಏನೂ ಹೇಳದೆ ಪಕ್ಕಕ್ಕೆ ಎಸೆದಳು. ಯಾಕೆ ಅಂದೆ. "ಅದು ತಿನ್ನೋದಲ್ಲ" ಅಂದಳು, ಅಷ್ಟೇ. ನನ್ನ ಕಣ್ಣಿಗೆ ಅದಕ್ಕೂ ಮಿಕ್ಕಿದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅಣ್ಣೆ ಸೊಪ್ಪು ತೆನೆ ಬಿಡೋಕೆ ಮುಂಚೆ ಕಿತ್ತರೇ ಚೆನ್ನ, ಬಿಟ್ಟ ಮೇಲೆ ನಾರು. ಇಷ್ಟು ಮಾತ್ರ ನನಗೆ ಗೊತ್ತು. ಹೊಲದಲ್ಲಿ ನಿಲ್ಲಿಸಿ ಕೀಳು ಅಂದರೆ ಕೈ ಬರೋದಿಲ್ಲ.

ಈ ಸೊಪ್ಪನ್ನು ಯಾವತ್ತೂ ಯಾರೂ ಬೆಳೆದವರಲ್ಲ. ಅದು ಕಳೆ. ರಾಗಿ ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಕಳೆ ಕೀಳುವಾಗ, ದನಕ್ಕಾಗೋದು ದನಕ್ಕೆ, ಮನೆಗಾಗೋದು ಮಡಿಲಿಗೆ. ಸಂಜೆ ಹೊತ್ತಿಗೆ ಸಾರಿಗೆ ಏನು ಅನ್ನೋ ಪ್ರಶ್ನೆಯೇ ಇರ್ತಿರಲಿಲ್ಲ. ರಾಗಿ ಮಧ್ಯೆ ಅಕ್ಕಡಿ ಸಾಲು ಬೇರೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಕಾಳು ಅಲ್ಲೇ, ಬೇಳೆ ಅಲ್ಲೇ, ಚಟ್ನಿಪುಡಿಗೆ ಹುಚ್ಚೆಳ್ಳೂ ಅಲ್ಲೇ. ಈಗಿನ ಮಕ್ಕಳ ನಾಲಿಗೆ ಕೆಟ್ಟಿದೆ ಅಂತ ದೊಡ್ಡವರೆಲ್ಲ ಬೈತಾರೆ. ನನಗೆ ಅದು ಸರಿ ಅನ್ನಿಸೋದಿಲ್ಲ. ಹೊಲದಲ್ಲೇ ಇಲ್ಲದ್ದು ತಟ್ಟೆಗೆ ಎಲ್ಲಿಂದ ಬರಬೇಕು? ಮಕ್ಕಳು ಬೇಡ ಅನ್ನೋಕೆ ಮುಂಚೇನೇ ಸೊಪ್ಪು ಹೋಗಿತ್ತು.

ಹಾಗಾದ್ರೆ ಔಷಧಿ ಹೊಡೀಬೇಡ ಅಂತ ತಮ್ಮನಿಗೆ, ನಿನ್ನ ಮಗನಿಗೆ, ಹೇಳು ಅಂದೆ. ಚಿಕ್ಕಮ್ಮನಿಗೆ ಎಲ್ಲಿತ್ತೋ ಕೋಪ.

"ನೀನು ಬಂದು ಕೀಳ್ತೀಯಾ ಕಳೆ? ಬಗ್ಗಿ ಬಗ್ಗಿ ನನ್ನ ಸೊಂಟ ಏನಾಗೈತೆ ನೋಡಿದ್ದೀಯಲ್ಲ. ನನ್ನ ಸೊಸೆಗೂ ಅದೇ ಆಗ್ಲಾ? ಕೂಲಿಗೆ ಕರೆದರೂ ಯಾರು ಬರ್ತಾರೆ?"

ನಾನು ಮಾತಾಡಲಿಲ್ಲ. ಅವಳು ಹೇಳಿದ್ದು ನಿಜ. ಆ ಊಟದ ಹಿಂದೆ ಇದ್ದದ್ದು ಹೆಂಗಸರ ಸೊಂಟ. ನಮ್ಮಮ್ಮನೂ ಕಡೇ ಕಡೇಲಿ ನೆಟ್ಟಗೆ ನಿಲ್ಲೋಕಾಗದೆ ಒದ್ದಾಡಿದಳು. ಆ ಕಾಲ ಎಷ್ಟು ಚೆಂದ ಅಂತ ಬರೆಯೋರು ಇದನ್ನೂ ಬರೀಬೇಕು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮೆತ್ತಗಾಗಿ, "ಆದರೂ ಬಾಯಿ ಕೇಳುತ್ತೆ ಕಣಮ್ಮ" ಅಂದಳು.

ಮಧ್ಯಾಹ್ನ ಮಸ್ಸೊಪ್ಪು. ಮಿಕ್ಸಿ ಮುಟ್ಟೋಕೆ ಬಿಡಲಿಲ್ಲ. ತೊಗರಿಬೇಳೆ ಅರ್ಧ ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೇಟೊ, ಒಂಚೂರು ಹುಣಸೆಹಣ್ಣು. ನೀರು ಬೇರೆ ಬಸಿದಿಟ್ಟು ಕಡಗೋಲಲ್ಲಿ ಮಸೆದಳು. ಬೇಳೆ ಪೂರ್ತಿ ಕರಗಬಾರದು, ಸೊಪ್ಪು ಎಳೆ ಎಳೆಯಾಗಿ ಉಳೀಬೇಕು. ಆಮೇಲೆ ಬಸಿದ ನೀರು ಹದವಾಗಿ ಸೇರಿಸಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಮುದ್ದೆಗೆ ನುಚ್ಚಕ್ಕಿ ಹಾಕಿಯೇ ತಿರುವಿದಳು. ಇವರು ಮುದ್ದೆ ಮುಗಿಸಿ ಇನ್ನೊಂದು ಹಾಕಿಸಿಕೊಂಡರು. ಪುಟ್ಟಿ ಅರ್ಧ ತಿಂದಳು. ಅರ್ಧ ಅಂದರೂ ನನಗೆ ಜಾಸ್ತಿನೇ.

ಮುದ್ದೆ ಬಗ್ಗೆ ನನಗೆ ಈಗ ಅಷ್ಟು ಚಿಂತೆ ಇಲ್ಲ. ರಾಗಿಯನ್ನು ಹಿಡಿದುಕೊಳ್ಳೋರು ಇದ್ದಾರೆ. 2023ನ್ನು ಸಿರಿಧಾನ್ಯದ ವರ್ಷ ಅಂತ ಪ್ರಪಂಚವೇ ಆಚರಿಸಿತು. 2025-26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಕೊಟ್ಟರು. 2024ರ ಫೆಬ್ರವರಿಯಿಂದ ಸರ್ಕಾರಿ ಶಾಲೆ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು. 100 ಗ್ರಾಂ ರಾಗೀಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತೆ, ಪಾಲಿಶ್ ಅಕ್ಕೀಲಿ 10ರ ಆಸುಪಾಸು. ಇದು ಈಗ ಎಲ್ಲರ ಬಾಯಲ್ಲೂ ಇದೆ. ಬೆಂಗಳೂರು ರಸ್ತೆ ಹೋಟೆಲುಗಳಲ್ಲಿ ನಾಟಿಕೋಳಿ ಸಾರಿನ ಜೊತೆ ಮುದ್ದೆಗೆ ಜನ ಕಾದು ನಿಲ್ತಾರೆ. ಸಂತೋಷ. ಆದರೆ ಮುದ್ದೆ ಜೊತೆಗಿದ್ದ ದಿನನಿತ್ಯದ ಸಾರು? ಮಸ್ಸೊಪ್ಪು, ಬಸ್ಸಾರು, ಹುರುಳಿ ಕಟ್ಟಿನ ಸಾರು? ಅಣ್ಣೆ ಸೊಪ್ಪಿಗೆ ಯಾವ ಬೆಂಬಲ ಬೆಲೆ, ಯಾವ ವರ್ಷ?

ಅನ್ನದ ಮೇಲೂ ನನಗೆ ಕೋಪ ಇಲ್ಲ. ಮುಂಚೆ ಚಿಕ್ಕಮ್ಮನ ಮನೇಲಿ ಅನ್ನ ಅಂದರೆ ಹಬ್ಬ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮೂರಲ್ಲಿ ಎಷ್ಟೋ ಮನೆಗಳ ರಾತ್ರಿ ಊಟದ ಚಿಂತೆ ಹೋಯ್ತು. ಹೊಟ್ಟೆ ತುಂಬಿದವರು ಅದನ್ನು ಆಡಿಕೊಂಡರೆ ನನಗೆ ಮೈ ಉರಿಯುತ್ತೆ.

ಸಂಜೆ ಬಸ್ಸಿಗೆ ಹೊರಡೋ ಮುಂಚೆ ಪುಟ್ಟಿ, ಬಿಡಿಸಿ ಮಿಕ್ಕಿದ್ದ ಕಡ್ಡಿಗಳನ್ನೆಲ್ಲ ಹರಡಿ ಫೋಟೋ ತೆಗೆದಳು. ಪ್ರಾಜೆಕ್ಟಿಗಂತೆ. "ಅಜ್ಜಿ, ಇದರ ಹೆಸರೇನು, ಇದರದ್ದು?" ಅಂತ ಒಂದೊಂದೇ ಕೇಳಿ ಬರೆದುಕೊಂಡಳು. ಚಿಕ್ಕಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳ್ತಾ ಹೋದಳು. ಗುರುಗಾಕು, ಪೊನ್ನಗಂಟಿ. ಆಮೇಲೆ, "ಬರೆದುಕೊಂಡ್ರೆ ಬರಲ್ಲ ಮಗ, ನನ್ನ ಜೊತೆ ಹೊಲಕ್ಕೆ ಬಾ" ಅಂದಳು. ಪುಟ್ಟಿ ಹೂಂ ಅಂದಿದ್ದಾಳೆ. ಗೌರಿ ಹಬ್ಬಕ್ಕೆ ಹೇಗೂ ಊರಿಗೆ ಹೋಗಬೇಕು. ಅಷ್ಟರಲ್ಲಿ ಸೊಪ್ಪು ಬಲಿತಿರುತ್ತೋ ಏನೋ.

ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ. ಅವಳ ಕೇರಿಯಲ್ಲಿ ಸೊಪ್ಪು ಗುರುತಿಸೋ ಇನ್ನಿಬ್ಬರಲ್ಲಿ ಒಬ್ಬಳಿಗೆ ಕಣ್ಣು ಮಂಜಾಗಿದೆಯಂತೆ.

ತಮ್ಮನಿಗೆ ನಾಳೆ ಫೋನ್ ಮಾಡಿ ಒಂದು ಮಾತು ಕೇಳಬೇಕು. ಪೂರ್ತಿ ಹೊಲ ಬೇಡ, ಬದುವಿನ ಪಕ್ಕ ನಾಲ್ಕು ಸಾಲು ಔಷಧಿ ಹೊಡೀದೆ ಬಿಡಪ್ಪ ಅಂತ. ಅವನು ಲೆಕ್ಕ ತೆಗೀತಾನೆ, ಗೊತ್ತು. ಆ ನಾಲ್ಕು ಸಾಲಿನ ಕಳೆ ಬೀಜ ಮಿಕ್ಕಿದ ಹೊಲಕ್ಕೆಲ್ಲ ಹರಡುತ್ತೆ ಅಕ್ಕಾ ಅಂತಾನೆ, ಅದೂ ಸುಳ್ಳಲ್ಲ. ಹಾಗಾದರೆ ಮನೆ ಹಿಂದಿನ ಆ ಖಾಲಿ ಜಾಗ, ಕೊಟ್ಟಿಗೆ ಪಕ್ಕದ್ದು, ಅಲ್ಲಾದರೂ ಸೊಪ್ಪು ಹುಟ್ಟೋಕೆ ಬಿಡು ಅಂತ ಕೇಳಬೇಕು.