ವಾಷಿಂಗ್ಟನ್ ಮನೆಗೆ ಹೊರಟು ಫೋನ್ ಅಂಗಡಿ ತಲುಪಿದ್ದು

ನಾನು ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವಳು. ಅದರಲ್ಲಿ ಮುಕ್ಕಾಲು ಪಾಲು ಸಾರ್ಟಿಂಗಿನಲ್ಲೇ ಕಳೆಯಿತು. ಹೊಸಹಳ್ಳಿ, ರಾಮಪುರ, ಬಸವನಹಳ್ಳಿ ಅಂತ ಬರೆದು ಪಿನ್ ಕೋಡ್ ಹಾಕದ ಕಾಗದ ಬಂದರೆ ಹೊಸ ಹುಡುಗರು ಸೀದಾ ನನ್ನ ಮೇಜಿಗೆ ತರುತ್ತಿದ್ದರು. ಕಳಿಸಿದವರ ಊರು, ಹೆಸರು, ಮನೆತನ ನೋಡಿ, 'ಇದು ಇಂಥ ತಾಲ್ಲೂಕಿನ ಹೊಸಹಳ್ಳಿ ಕಣಪ್ಪ' ಅನ್ನುತ್ತಿದ್ದೆ. ಹೆಚ್ಚೂಕಮ್ಮಿ ಸರಿಯಾಗಿಯೇ ಇರುತ್ತಿತ್ತು. ಆ ಜಂಬ ಇಳಿದದ್ದು 2024ರ ಮೇ ತಿಂಗಳಲ್ಲಿ, ವಾಷಿಂಗ್ಟನ್ ಡಿ.ಸಿ.ಯ ಒಂದು ಮೆಟ್ರೊ ನಿಲ್ದಾಣದ ಹೊರಗೆ.

ಮಗಳ ಮನೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ, ಬ್ರ್ಯಾಡಕ್ ರೋಡ್ ನಿಲ್ದಾಣದ ಹತ್ತಿರ. ಜಾರ್ಜ್ ವಾಷಿಂಗ್ಟನ್ ಬಾಳಿದ ಮನೆ ಮೌಂಟ್ ವರ್ನನ್ ನೋಡಬೇಕು ಅಂತ ನಮ್ಮವರಿಗೆ ಬಲು ಆಸೆ. ಮಗಳಿಗೆ ಅವತ್ತು ಆಫೀಸು. ಹಿಂದಿನ ರಾತ್ರಿಯೇ ಪಾಠ ಹೇಳಿಕೊಟ್ಟಳು: "ಅಮ್ಮಾ, ಹಳದಿ ಲೈನ್ ಹಿಡೀರಿ. ಹಂಟಿಂಗ್ಟನ್‌ನಲ್ಲಿ ಇಳೀರಿ. ಅಲ್ಲಿಂದ ಬಸ್ಸು. ಹನ್ನೊಂದು ಗಂಟೆಗೆ ಮನೆ ಒಳಗೆ ಹೋಗೋ ಟಿಕೆಟ್ ಇದೆ, ತಡ ಮಾಡ್ಬೇಡಿ." ಬೆಳಗಾಗುವ ಹೊತ್ತಿಗೆ ನನ್ನ ತಲೆಯಲ್ಲಿ ಹಳದಿ ಉಳಿದಿತ್ತು, ಹನ್ನೊಂದು ಉಳಿದಿತ್ತು. ಹಂಟಿಂಗ್ಟನ್ ಹಾರಿಹೋಗಿತ್ತು.

ಪ್ಲಾಟ್‌ಫಾರ್ಮಿಗೆ ಕಾಲಿಟ್ಟೆವು, ರೈಲು ಬಂತು. ಹಳದಿ ಗುರುತು, ಪಕ್ಕದಲ್ಲಿ ಬೋರ್ಡು: ಮೌಂಟ್ ವರ್ನನ್ ಸ್ಕ್ವೇರ್.

"ರೀ, ಬೇಗ ಹತ್ತಿ. ನೇರ ಅಲ್ಲಿಗೇ ಹೋಗುತ್ತೆ. ಇವಳು ಸುಮ್ನೆ ಬಸ್ಸು ಗಿಸ್ಸು ಅಂತಾಳೆ."

"ನಿನ್ನ ಇಲಾಖೆ, ನೀನು ಹೇಳಿದ ಮೇಲೆ ಮುಗೀತು" ಅಂದು ಹತ್ತಿದರು.

ಪೆಂಟಗನ್ ದಾಟಿದ ಮೇಲೆ ರೈಲು ಸುರಂಗದಿಂದ ಹೊರಬಂದು ಸೇತುವೆ ಏರಿತು. ಕೆಳಗೆ ಅಗಲವಾದ ಪೊಟೊಮ್ಯಾಕ್ ನದಿ. ವಾಷಿಂಗ್ಟನ್ ಮನೆ ಇದೇ ನದಿಯ ದಂಡೆಯಲ್ಲಿದೆ ಅಂತ ಓದಿದ್ದೆ. "ನೋಡಿ, ನದಿ ಬಂತು, ಇನ್ನೇನು ಮನೆಯೂ ಬಂತು" ಅಂದೆ. ರೈಲು ಮತ್ತೆ ನೆಲದೊಳಗೆ ಇಳಿಯಿತು. ತೋಟದ ಮನೆಗೆ ಹೋಗುವ ರೈಲು ಊರ ನಡುವೆ ಸುರಂಗದಲ್ಲಿ ಯಾಕೆ ಹೋಗುತ್ತೆ ಅಂತ ಒಂದು ಗಳಿಗೆ ಅನ್ನಿಸಿತು. ಬಾಯಿ ಬಿಡಲಿಲ್ಲ.

ಒಂಬತ್ತನೆಯದೇ ಕೊನೆಯ ನಿಲ್ದಾಣ. ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಸಪಾಟಾದ ರಸ್ತೆ, ಗಾಜಿನ ಕಟ್ಟಡಗಳು, ಬಸ್ಸಿನ ಹಾರನ್ನು. ಆದರೆ ಸ್ವಲ್ಪ ದೂರದ ಹುಲ್ಲಿನ ಚೌಕದಲ್ಲಿ ಬಿಳಿ ಅಮೃತಶಿಲೆಯ ಭಾರಿ ಕಟ್ಟಡವೊಂದು ನಿಂತಿತ್ತು. "ಇದೇ ಇರಬೇಕು. ಅಧ್ಯಕ್ಷರ ಮನೆ ಅಂದರೆ ಹೀಗಿರಬೇಕು" ಅಂತ ನಮ್ಮವರು ಮುಂದೆ ನಡೆದೇಬಿಟ್ಟರು. ಒಳಗೆ ಹೋದರೆ ಸಾಲುಸಾಲು ಮೇಜಿನ ಮೇಲೆ ಐಫೋನು! 1903ರಲ್ಲಿ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ ಕೊಟ್ಟ ದುಡ್ಡಿನಲ್ಲಿ ಕಟ್ಟಿದ ಗ್ರಂಥಾಲಯವಂತೆ ಅದು. 2019ರಿಂದ ಆಪಲ್ ಅಂಗಡಿ.

ಬಾಗಿಲ ಹತ್ತಿರ ನಿಂತಿದ್ದ ಹುಡುಗನನ್ನು ಕೇಳಿದೆ. ಅವನು ನಗಲಿಲ್ಲ, ಪಾಪ. "ಅದು ವರ್ಜೀನಿಯಾದಲ್ಲಿದೆ ಅಮ್ಮಾ. ನೀವು ಎಲ್ಲಿಂದ ಬಂದಿರಿ?" ಅಂದ.

"ವರ್ಜೀನಿಯಾದಿಂದ."

ಆಗ ನಕ್ಕ. ನಮ್ಮವರೂ ಅವನ ಜೊತೆ ಸೇರಿಕೊಂಡರು.

ಹಂಟಿಂಗ್ಟನ್ ಅದೇ ಹಳದಿ ಲೈನಿನ ಇನ್ನೊಂದು ತುದಿ. ಮಗಳ ಮನೆ ಹತ್ತಿರದ ನಿಲ್ದಾಣದಿಂದ ಮೂರನೆಯದು. ನಾವು ಹತ್ತಿದ್ದು ಸರಿಯಾದ ಲೈನು, ತಪ್ಪು ದಿಕ್ಕು. ವಾಪಸ್ ಬರುವಾಗ ಸಿಟ್ಟಿಗೆ ಫೋನಿನಲ್ಲಿ ಮೌಂಟ್ ವರ್ನನ್ ಹುಡುಕುತ್ತಾ ಕೂತೆ. ಓಹಾಯೊದಲ್ಲೊಂದು, ಇಲಿನಾಯ್‌ನಲ್ಲೊಂದು, ಇಂಡಿಯಾನಾ, ಅಯೋವಾ, ಕೆಂಟಕಿ, ಟೆಕ್ಸಸ್, ಮಿಸೌರಿಯಲ್ಲಿ ಒಂದೊಂದು. ಪಶ್ಚಿಮದ ಕೊನೆಯಲ್ಲಿ ವಾಷಿಂಗ್ಟನ್ ಅನ್ನೋ ರಾಜ್ಯದಲ್ಲೇ ಒಂದು ಮೌಂಟ್ ವರ್ನನ್! ನ್ಯೂಯಾರ್ಕಿನಲ್ಲಿ ಬ್ರಾಂಕ್ಸ್‌ಗೆ ಅಂಟಿಕೊಂಡ ಊರಿಗೂ ಅದೇ ಹೆಸರು. ನಟ ಡೆನ್ಜೆಲ್ ವಾಷಿಂಗ್ಟನ್ ಹುಟ್ಟಿದ್ದು ಅಲ್ಲಿ. ಅಷ್ಟು ಸಾಲದು ಅಂತ ಮ್ಯಾನ್‌ಹಟನ್ನಿನ 61ನೇ ಬೀದಿಯಲ್ಲಿ 1799ರಲ್ಲಿ ಕಟ್ಟಿದ ಕಲ್ಲಿನ ಮನೆಯೊಂದಿದೆ. ಅದು ಸಾರೋಟು ನಿಲ್ಲಿಸುವ ಕಟ್ಟಡವಾಗಿತ್ತು. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಅವರ ಮಗಳು ಅಳಿಯ ಅಲ್ಲೊಂದು ಎಸ್ಟೇಟ್ ಮಾಡಲು ಹೊರಟು ಅದಕ್ಕೆ ಇಟ್ಟುಕೊಂಡಿದ್ದ ಹೆಸರೂ ಮೌಂಟ್ ವರ್ನನ್. ಆಮೇಲೆ ಹೋಟೆಲ್ ಆಯಿತು, ಈಗ ಮ್ಯೂಸಿಯಂ.

ಬಾಲ್ಟಿಮೋರಿನ ಇದೇ ಹೆಸರಿನ ಬಡಾವಣೆಗಂತೂ ಮುಂದೊಂದು ಭಾನುವಾರ ಮಗಳೇ ಕರೆದುಕೊಂಡು ಹೋದಳು. ಅಲ್ಲಿನ ಮೌಂಟ್ ವರ್ನನ್ನಿನ ನಡುವೆ ವಾಷಿಂಗ್ಟನ್ ಸ್ಮಾರಕ ಸ್ತಂಭ ಇದೆ. 1829ರಲ್ಲಿ ಮುಗಿದದ್ದು. ರಾಜಧಾನಿಯಲ್ಲಿರುವ ಹೆಸರುವಾಸಿ ಸ್ತಂಭಕ್ಕಿಂತ ಎಷ್ಟೋ ಹಳೆಯದು. ಎರಡರ ನಕ್ಷೆಯೂ ರಾಬರ್ಟ್ ಮಿಲ್ಸ್ ಅವರದೇ. ಅಂದರೆ ಹೆಸರು ಮಾತ್ರ ಅಲ್ಲ, ಕಂಬವೂ ಎರಡೆರಡು.

ಇಷ್ಟೊಂದು ಊರಿದ್ದರೂ ಅಂಚೆಯವರು ಹೇಗೆ ಬದುಕಿದರು ಅನ್ನುವುದು ನನ್ನ ತಲೆನೋವು. ಅವರ ಇಲಾಖೆ ಹಿಂದೆಯೇ ಒಂದು ಕಟ್ಟು ಹಾಕಿತ್ತು: ಒಂದು ರಾಜ್ಯದೊಳಗೆ ಒಂದೇ ಹೆಸರಿನ ಎರಡು ಅಂಚೆ ಕಚೇರಿ ಕೂಡದು. ಅದಕ್ಕೇ ರಾಜ್ಯಕ್ಕೊಂದರಂತೆ ಹರಡಿವೆ. 1963ರಲ್ಲಿ ಜಿಪ್ ಕೋಡ್ ಬಂತು. ವಾಷಿಂಗ್ಟನ್ ಮನೆಯದು 22121, ನ್ಯೂಯಾರ್ಕಿನದು 10550. ನಮ್ಮ ಪಿನ್ ಬಂದದ್ದು ಒಂಬತ್ತು ವರ್ಷ ಬಿಟ್ಟು, 1972ರಲ್ಲಿ. ಮೆಟ್ರೊ ಬೋರ್ಡಿನ ಮೇಲೆ ಜಿಪ್ ಇದ್ದಿದ್ದರೆ ನಾನು ಖಂಡಿತ ಎಡವುತ್ತಿರಲಿಲ್ಲ. ಹೀಗಂತ ನಮ್ಮವರಿಗೆ ಹೇಳಿದೆ. ಅವರು ಕಿಟಕಿ ಕಡೆ ತಿರುಗಿದರು.

ಬಸ್ಸು ಇಳಿದಾಗ ಒಂದೂವರೆ. ಹನ್ನೊಂದರ ಟಿಕೆಟ್ ತೋರಿಸಿ ಕತೆ ಹೇಳಿದೆ. ಟಿಕೆಟ್ ನೋಡುವಾಕೆ ಕೈ ಮುಂದೆ ಮಾಡಿ ಒಳಗೆ ಬಿಟ್ಟಳು.

ಮನೆ ನೋಡಿದೊಡನೆ ಕಲ್ಲಿನದು ಅನ್ನಿಸಿತು. ಅಲ್ಲ, ಪೈನ್ ಹಲಗೆ. ಅಂಚು ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿ, ಕಲ್ಲಿನಂತೆ ಕಾಣುವ ಹಾಗೆ ಮಾಡಿಸಿದ್ದರಂತೆ ವಾಷಿಂಗ್ಟನ್. ಇನ್ನೊಂದು ಅಚ್ಚರಿ ಹೆಸರಿನದು. ವರ್ನನ್ ಅಂದರೆ ಬ್ರಿಟಿಷ್ ನೌಕಾಪಡೆಯ ಎಡ್ವರ್ಡ್ ವರ್ನನ್. ಜಾರ್ಜ್ ಅವರ ಮಲ ಅಣ್ಣ ಲಾರೆನ್ಸ್ 1741ರಲ್ಲಿ ಆತನ ಕೈಕೆಳಗೆ ಸ್ಪೇನಿನ ಹಿಡಿತದಲ್ಲಿದ್ದ ಕಾರ್ಟಹೇನಾ ಬಂದರಿನ ಮುತ್ತಿಗೆಗೆ ಹೋಗಿದ್ದರು. ಆ ಯುದ್ಧದಲ್ಲಿ ಬ್ರಿಟಿಷರು ಸೋತರು, ಜ್ವರಕ್ಕೆ ಸಾವಿರಾರು ಜನ ಸತ್ತರು. ಆದರೂ ಊರಿಗೆ ಬಂದ ಲಾರೆನ್ಸ್ ಮನೆಗೆ ಸೇನಾಪತಿಯ ಹೆಸರನ್ನೇ ಇಟ್ಟರು. ಮುಂದೆ ತಮ್ಮ ಜಾರ್ಜ್ ಬ್ರಿಟಿಷರ ಮೇಲೆಯೇ ಯುದ್ಧ ಮಾಡಿದರು, ಮನೆಯ ಹೆಸರು ಮಾತ್ರ ಬದಲಿಸಲಿಲ್ಲ. ಹೀಗೆ ಒಬ್ಬ ಇಂಗ್ಲಿಷ್ ನಾವಿಕನ ಹೆಸರು ಅಮೆರಿಕದ ಮೂಲೆಮೂಲೆಗೆ ಹೋಯಿತು.

ಮನೆ ಬೀಳುವ ಸ್ಥಿತಿಗೆ ಬಂದಾಗ ಕೊಳ್ಳಲು ಸರ್ಕಾರ ಮುಂದೆ ಬರಲಿಲ್ಲ. ಹೆಂಗಸರ ಸಂಘವೊಂದು ದೇಶವೆಲ್ಲ ತಿರುಗಿ ಚಂದಾ ಎತ್ತಿ, 1858ರಲ್ಲಿ 2 ಲಕ್ಷ ಡಾಲರಿಗೆ ಕೊಳ್ಳುವ ಕರಾರು ಮಾಡಿಕೊಂಡಿತು. ಇಂದಿಗೂ ಅದು ಆ ಸಂಘದ್ದೇ. ಇದನ್ನು ನಮ್ಮವರಿಗೆ ಎರಡು ಸಲ ಓದಿ ಹೇಳಿದೆ.

ವಾಷಿಂಗ್ಟನ್ ಸಮಾಧಿಯಿಂದ ಸ್ವಲ್ಪ ದೂರ ಮರಗಳ ನಡುವೆ ಇನ್ನೊಂದು ಜಾಗವಿದೆ. 1799ರಲ್ಲಿ ಅವರು ತೀರಿಕೊಂಡಾಗ ಈ ಎಸ್ಟೇಟಿನಲ್ಲಿ 317 ಜನ ಗುಲಾಮರಿದ್ದರು. ಅವರಂಥವರನ್ನು ಹೂಳುತ್ತಿದ್ದ ಗುಡ್ಡ ಅದು. ಗೋರಿಗಳ ಮೇಲೆ ಕಲ್ಲಿಲ್ಲ, ಹೆಸರಿಲ್ಲ. 1983ರಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಬೆಳಗಿನಿಂದ ಒಂದೇ ಹೆಸರಿನ ಹಿಂದೆ ಓಡಿ ಬಂದಿದ್ದೆ. ಇಲ್ಲಿ ವಿಳಾಸ ಬರೆಯಲು ಏನೂ ಇಲ್ಲ. ಬ್ಯಾಗಿನಲ್ಲಿದ್ದ ನೀರು ಕುಡಿದು, ಇಬ್ಬರೂ ಮಾತಾಡದೆ ಅಲ್ಲೇ ಸ್ವಲ್ಪ ಹೊತ್ತು ನಿಂತೆವು.

ಆಮೇಲೆ ಮನೆಯ ಹಿಂದಿನ ಉದ್ದ ಜಗಲಿಯಲ್ಲಿ ಕುರ್ಚಿ ಹಿಡಿದೆವು. ಮುಂದೆ ಇಳಿಜಾರು ಹುಲ್ಲು, ಕೆಳಗೆ ಬೆಳಿಗ್ಗೆ ಮೇಲಿನಿಂದ ದಾಟಿದ ಅದೇ ಪೊಟೊಮ್ಯಾಕ್. ಚಪಾತಿ ರೋಲು ತಿನ್ನೋಣ ಅಂತ ಡಬ್ಬಿ ತೆಗೆದೆ, ಅಲ್ಲಿ ತಿನ್ನುವಂತಿಲ್ಲ ಅಂದರು. ಒಳಗಿಟ್ಟೆ.

ಸಂಜೆ ಹಂಟಿಂಗ್ಟನ್ ನಿಲ್ದಾಣಕ್ಕೆ ಬಂದಾಗ ರೈಲು ಹೊರಡಲು ಸಿದ್ಧವಾಗಿ ನಿಂತಿತ್ತು. ಹತ್ತಲು ಹೋದ ನಮ್ಮವರು ಬೋರ್ಡು ನೋಡಿ ಕಾಲು ಹಿಂದೆ ತೆಗೆದರು.

"ಇದು ಮೌಂಟ್ ವರ್ನನ್‌ಗೆ ಹೋಗುತ್ತಲ್ಲೇ! ನಾವು ಅಲ್ಲಿಂದಲೇ ತಾನೆ ಬರ್ತಿರೋದು?"

"ಹತ್ತಿ ಹತ್ತಿ. ಈ ಸಲ ಮೂರೇ ನಿಲ್ದಾಣ" ಅಂದೆ.

ಹತ್ತಿದರು. ಬ್ರ್ಯಾಡಕ್ ರೋಡ್ ಬರುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು, ಎಷ್ಟು ಹೇಳಿದರೂ ಕೂರಲಿಲ್ಲ.