ಅಗ್ಗದ ನೋಟ್‌ಬುಕ್‌ಗೆ ಚಿತ್ತಾರದ ಹೊದಿಕೆ

ಗಟ್ಟಿ ರಟ್ಟಿನ ನೋಟ್‌ಬುಕ್ ಆರಿಸಿ. ರಟ್ಟು ನುಣುಪಾಗಿದ್ದರೆ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಇಲ್ಲದಿದ್ದರೆ ಅಂಟು ಹಿಡಿಯದು. ಬೆನ್ನಿಗೆ ಬಟ್ಟೆ ಟೇಪ್ ಹಾಕಿ. ಅಲ್ಲಿ ಕಾಗದ ಅಂಟಿಸಿದರೆ ತೆರೆದು ಮುಚ್ಚಿ ಬಿರಿಯುತ್ತದೆ. ಉಳಿದ ಮೂರು ಕಡೆ ಒಳಕ್ಕೆ ಮಡಚಿ ಅಂಟಿಸಲು ಚಿತ್ತಾರದ ಕಾಗದ 2 ಸೆಂ.ಮೀ. ಹೆಚ್ಚಿರಲಿ. ಸಣ್ಣ ಚಿತ್ತಾರವೇ ಚೆಂದ, ದೊಡ್ಡ ಹೂವು ಅಂಚಿನಲ್ಲಿ ಅರ್ಧಕ್ಕೆ ತುಂಡಾಗುತ್ತದೆ.

ಹೆಚ್ಚಿನವರು ಎಡವುವುದು ಅಂಟಿನಲ್ಲಿ. ಒದ್ದೆ ಕಾಗದ ಹಿಗ್ಗುತ್ತದೆ. ತಕ್ಷಣ ಅಂಟಿಸಿದರೆ ರಟ್ಟಿನ ಮೇಲೆಯೇ ಹಿಗ್ಗಿ ಸುಕ್ಕುಗಟ್ಟುತ್ತದೆ. 3 ಪಾಲು ಫೆವಿಕಾಲ್‌ಗೆ 1 ಪಾಲು ನೀರು ಬೆರೆಸಿ, ಕಾಗದದ ಹಿಂಬದಿಗೆ ತೆಳ್ಳಗೆ ಸವರಿ, ಒಂದು ನಿಮಿಷ ಬಿಟ್ಟು ಅಂಟಿಸಿ. ಒಣಬಟ್ಟೆಯಿಂದ ನಡುವಿನಿಂದ ಅಂಚಿನತ್ತ ಒತ್ತಿ. ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ಬಿಡಿ, ಇಲ್ಲವಾದರೆ ರಟ್ಟು ಇಣುಕುತ್ತದೆ. ಒಳಬದಿಗೂ ಕಾಗದ ಅಂಟಿಸಲೇಬೇಕು. ಒಂದೇ ಬದಿಯ ಎಳೆತಕ್ಕೆ ರಟ್ಟು ಬಾಗುತ್ತದೆ. ಆಮೇಲೆ ರಟ್ಟು ಮತ್ತು ಹಾಳೆಗಳ ನಡುವೆ ಪ್ಲಾಸ್ಟಿಕ್ ಇಟ್ಟು, ರಾತ್ರಿಯಿಡೀ ಭಾರ ಹೇರಿ.